ಹುಳಕ್ಕೆ ಜ್ವರ, ವೈಫೈಗೆ ರಜೆ

‘ನೆಟ್‌ವರ್ಕ್ ಸಿಗುತ್ತಿಲ್ಲ’ ಎಂದು ಹೊಸ ಗೇಮ್ ಕನ್ಸೋಲ್ ಒಂಬತ್ತನೇ ಸಲ ಹೇಳಿದಾಗ ಜಾಯ್‌ಸ್ಟಿಕ್ ಎಸೆದು ಎದ್ದೆ. ಪಾಸ್‌ವರ್ಡ್ ಸರಿಯಿತ್ತು. ಆನ್‌ಲೈನ್ ಪಂದ್ಯಕ್ಕೆ ಕಾದಿದ್ದ ಕೊಳ್ಳೇಗಾಲದ ಗೆಳೆಯ ಫೋನಿನಲ್ಲಿ ಬೈಯುತ್ತಿದ್ದ. ನಮ್ಮ ಮಾಂಬಳ್ಳಿ ಮನೆಯ ರೂಟರ್ ಇರುವುದು ರೇಷ್ಮೆಹುಳು ಸಾಕುವ ಕೋಣೆಯಲ್ಲಿ. ಹೋಗಿ ನೋಡಿದರೆ ಅವ್ವ ಅದರ ಮೇಲೆ ದೊಡ್ಡ ಸ್ಟೀಲ್ ತಪ್ಪಲೆ ಬೋರಲು ಹಾಕಿದ್ದಳು.

“ಮೆಲ್ಲಗೆ ಮಾತಾಡ್ಲಾ. ಉಳ ಜ್ವರಕ್ಕೆ ಕುಂತವೆ. ಆ ಲೈಟು ಮಿಣಮಿಣ ಅಂತಿದ್ರೆ ಅವು ಮಲಗದೆಂಗೆ?”

ಜ್ವರ ಅಂದರೆ ಕಾಯಿಲೆಯಲ್ಲ, ಗೂಡು ಕಟ್ಟುವ ಮುಂಚೆ ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಬಿಡುವ ಹೊತ್ತು. ಆಗ ಅದಕ್ಕೆ ಕತ್ತಲೆ, ಮೌನ ಎರಡೂ ಬೇಕು. ಅದು ನನಗೂ ಗೊತ್ತು. ತಪ್ಪಲೆ ಎತ್ತಲು ಕೈ ಬರಲಿಲ್ಲ.

ಮಾರನೇ ಸಂಜೆ ಹುಳ ಎದ್ದವು, ತಪ್ಪಲೆಯೂ ಎದ್ದಿತು. ಈಗ ನೆಟ್‌ವರ್ಕ್ ಹೋದರೆ ಕಂಪನಿಗೆ ಫೋನ್ ಮಾಡುವುದಿಲ್ಲ. ಅವ್ವನನ್ನು ಕೇಳುತ್ತೇನೆ, ಎಷ್ಟನೇ ಜ್ವರ ಎಂದು.