ರೆಹಾನಾ ಅಕ್ಕಾರು ಮತ್ತು ನಾಲ್ಕು ಖಾಲಿ ಜಾಗ

ಕಂಪ್ಯೂಟರ್ ಪರದೆಗೆ ಮರದ ಫೂಟ್‌ಪಟ್ಟಿ ಹಿಡಿದು ಓದುವವರನ್ನು ನಾನು ಜೀವಮಾನದಲ್ಲಿ ಒಬ್ಬರನ್ನೇ ನೋಡಿದ್ದೇನೆ. ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಸಾಲುಗಳ ಎಡಗಡೆಯ ಅಂಚು ನೇರವಾಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದರು. ಅಷ್ಟು ಹೊತ್ತು ಏನು ಕಾಣುತ್ತದೆ ಎಂದು ಅವರ ಹಿಂದೆ ನಿಂತು ನಾನೂ ಒಂದು ಕಣ್ಣು ಮುಚ್ಚಿದ್ದುಂಟು. ಅಂಚು ತಪ್ಪಿದ್ದರೆ, "ಇಲ್ಲಿ ಯಾರೋ ಅವಸರದಾಗ ಬರದಾರ" ಎನ್ನುತ್ತಿದ್ದರು. ಆ ಯಾರೋ ಬಹುತೇಕ ನಾನೇ.

ರೆಹಾನಾ ಅಕ್ಕಾರು ವಿಜಯಪುರದಲ್ಲಿ ಹದಿನೈದು ವರ್ಷ ಟೈಪಿಂಗ್ ಕಲಿಸಿದವರು. ಕ್ಲಾಸಿಗೆ ಹುಡುಗರು ಬರುವುದು ನಿಂತ ಮೇಲೆ ತಾವೇ ಕೂತು ಪ್ರೋಗ್ರಾಮ್ ಬರೆಯಲು ಕಲಿತರು. ನಾನು ಸಾರವಾಡದಿಂದ ಬಸ್ಸು ಹಿಡಿದು ಆ ಸಣ್ಣ ಕಚೇರಿಗೆ ಸೇರಿದಾಗ ಅಲ್ಲಿದ್ದವರು ಅವರು ಮತ್ತು ಬಿಜ್ಜರಗಿಯ ಈರಣ್ಣ, ಇಬ್ಬರೇ. ದ್ರಾಕ್ಷಿ ಒಣಗಿಸುವ ರೈತರ ಮೊಬೈಲಿಗೆ ಮಳೆಯ ಮುನ್ಸೂಚನೆ ಕಳಿಸುವ ತಂತ್ರಾಂಶ ನಮ್ಮದು. ರ‍್ಯಾಕಿನ ಮೇಲೆ ಹರವಿದ ಹಣ್ಣು ನೆನೆದರೆ ಕೆಡುತ್ತದೆ. ಸಂದೇಶ ಹೊತ್ತಿಗೆ ಸರಿಯಾಗಿ ಹೋದರೆ ತಾಡಪತ್ರಿ ಹೊದಿಸಿ ಉಳಿಸಿಕೊಳ್ಳಬಹುದು.

ಮೂವರ ಬರವಣಿಗೆ ಮೂರು ಥರ. 'ಹೀಗಿದ್ದರೆ ಹೀಗೆ ಮಾಡು' ಎಂಬ ಒಂದು ಷರತ್ತಿಗೆ ಸೇರಿದ ಸಾಲುಗಳನ್ನು ಸ್ವಲ್ಪ ಒಳಸರಿಸಿ, ಸುತ್ತ ಆವರಣ ಚಿಹ್ನೆ ಹಾಕುವುದು ಈ ಕೆಲಸದ ವಾಡಿಕೆ. ಅಕ್ಕಾರು ಟೈಪಿಂಗ್ ಕಾಲದ ರೂಢಿಯಂತೆ ಐದು ಜಾಗ ಬಿಡುತ್ತಿದ್ದರು, ಈರಣ್ಣ ಎರಡು, ನಾನು ಮನಸ್ಸಿಗೆ ಬಂದಷ್ಟು. ಆವರಣದ ಗೊಡವೆಗೂ ನಾನು ಹೋಗುತ್ತಿರಲಿಲ್ಲ. ನೋಡಿದ ಕೂಡಲೇ ಇದು ಸುವರ್ಣಾ ಬರೆದದ್ದು ಎಂದು ಗೊತ್ತಾಗಬೇಕು ಎಂಬ ಜಂಬ ಬೇರೆ.

ಆ ಜಂಬ ಇಳಿದದ್ದು ಒಂದು ಬೇಸಿಗೆಯ ದಿನ. 'ಮಳೆ ಇದ್ದರೆ' ಎಂಬ ಷರತ್ತಿನ ಕೆಳಗೆ ನಾನು ಒಂದೇ ಸಾಲು ಬರೆದು, ಆವರಣ ಹಾಕದೆ ಬಿಟ್ಟಿದ್ದೆ. ಈರಣ್ಣ ಅದರ ಕೆಳಗೆ ಸಂದೇಶ ಕಳಿಸುವ ಇನ್ನೊಂದು ಸಾಲು ಸೇರಿಸಿದ. ನಮ್ಮ ಕಣ್ಣಿಗೆ ಅದು ಷರತ್ತಿನ ಒಳಗಿತ್ತು, ಆವರಣವಿಲ್ಲದ ಕಡೆ ಮೊದಲ ಸಾಲನ್ನಷ್ಟೇ ಷರತ್ತಿಗೆ ಸೇರಿಸುವ ಯಂತ್ರಕ್ಕೆ ಹೊರಗಿತ್ತು. ಮಳೆಯ ಸುಳಿವೇ ಇಲ್ಲದಿದ್ದರೂ ಘೋಣಸಗಿಯ ರೈತರಿಗೆಲ್ಲ ಸಂದೇಶ ಹೋಯಿತು. ಸುಡುಬಿಸಿಲಿನಲ್ಲಿ ತಾಡಪತ್ರಿ ಹೊದಿಸಿ ಕೂತ ಹಿರಿಯರೊಬ್ಬರು ಫೋನ್ ಮಾಡಿದರು.

"ಅಕ್ಕಾರ, ಮಳಿ ಎಲ್ಲಿ ಮಟ ಬಂದೈತ್ರಿ? ನಾವು ಮುಂಜಾನಿಂದ ಮ್ಯಾಲ ನೋಡಾಕತ್ತೇವಿ."

ನಗುವ ಹಾಗಿರಲಿಲ್ಲ. ಎರಡು ಸಲ ಹೀಗಾದರೆ ಮೂರನೆಯ ಸಲ ನಿಜವಾದ ಸಂದೇಶವನ್ನು ಯಾರು ನಂಬುತ್ತಾರೆ? ನಾನು ಈರಣ್ಣನ ತಪ್ಪೆಂದೆ, ಅವನು ನನ್ನ ತಪ್ಪೆಂದ. ಅಕ್ಕಾರು ಇಬ್ಬರನ್ನೂ ಸುಮ್ಮನಿರಿಸಿದರು. "ಬ್ಯಾರೆ ಬ್ಯಾರೆ ನೋಡಿದ್ರ ಇಬ್ಬರದೂ ಬರೋಬ್ಬರಿ ಐತಿ. ಕೂಡಿಸಿದ್ರ ಕೆಡತೈತಿ. ಇನ್ನ ಮ್ಯಾಲ ಎಲ್ಲಾರೂ ಒಂದ ಥರ ಬರಿಯೂಣು."

ಅವರ ಐದು ಜಾಗವೇ ಕಾಯಂ ಆಯಿತೆಂದು ಈರಣ್ಣನೂ ನಾನೂ ಮುಖ ಮುಖ ನೋಡಿಕೊಂಡೆವು. ಅವರು ಹೇಳಿದ್ದು ನಾಲ್ಕು ಜಾಗ, ಆವರಣ ಕಡ್ಡಾಯ. ನಾಲ್ಕು ನಮ್ಮಲ್ಲಿ ಯಾರ ರೂಢಿಯೂ ಆಗಿರಲಿಲ್ಲ. ನನಗೆ ಕುತೂಹಲ ತಡೆಯಲಿಲ್ಲ.

"ನಿಮ್ಮ ಐದು ಯಾಕ ಬಿಟ್ರಿ ಅಕ್ಕಾರ?"

"ನಂದ ಇಟ್ರ ನೀವು ನನ್ನ ಅಂಜಿಕಿಗೆ ಬರಿತೀರಿ. ನಾ ಹೋದ ಮರುದಿನ ಮತ್ತ ನಿಮ್ಮ ನಿಮ್ಮ ಹಾದಿ ಹಿಡಿತೀರಿ. ಅದಕ್ಕ ಮೂರೂ ಮಂದಿಗೆ ಸ್ವಲ್ಪ ತ್ರಾಸ ಆಗ್ಲಿ ಬಿಡವಾ."

ಹಳೆಯದನ್ನೆಲ್ಲ ಒಂದೇ ಪದ್ಧತಿಗೆ ತರುವ ಉಪಕರಣವೊಂದಿತ್ತು, ಅದನ್ನು ನನ್ನ ಕೈಯಿಂದಲೇ ಓಡಿಸಿದರು. ಎರಡೇ ನಿಮಿಷದಲ್ಲಿ ಮೂವರ ಗುರುತೂ ಅಳಿಸಿಹೋಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಸಂಕಟವಾಯಿತು. ಆದರೆ ತಿಂಗಳುಗಟ್ಟಲೆ ಐದನೆಯ ಜಾಗಕ್ಕೆ ಓಡಿ, "ತೋಬಾ ತೋಬಾ" ಎಂದು ಹಿಂದೆ ಬರುತ್ತಿದ್ದದ್ದು ಅಕ್ಕಾರ ಬೆರಳು.

ತಾವು ಹೋಗುವ ಮಾತು ಅವರ ಬಾಯಲ್ಲಿ ಯಾಕೆ ಬಂತೆಂದು ನಾನು ಆಗ ಕೇಳಲಿಲ್ಲ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗುತ್ತಿತ್ತೆಂದು ಮರುವರ್ಷ ಅವರು ಕೆಲಸ ಬಿಟ್ಟಾಗಲೇ ನಮಗೆ ತಿಳಿದದ್ದು.

ಅವರು ಬಿಟ್ಟ ಮೇಲೆ ಬಂದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಘೋಣಸಗಿ ಇರುವ ತಿಕೋಟಾ ಕಡೆ ಮೋಡ ಕಟ್ಟಿತು, ಸಂದೇಶಗಳು ಮಾತ್ರ ಹೋಗಲಿಲ್ಲ. ತೊಂದರೆ ಇದ್ದದ್ದು ಪೂರ್ತಿ ಅಕ್ಕಾರು ಬರೆದ ಭಾಗದಲ್ಲಿ, ನಾನು ಎಂದೂ ಮುಟ್ಟದ ಕಡೆ. ಹೆದರುತ್ತಲೇ ತೆರೆದೆ. ನಾನೇ ಬರೆದದ್ದೇನೋ ಎಂಬಂತೆ ಓದಿಸಿಕೊಂಡು ಹೋಯಿತು. ಹತ್ತು ನಿಮಿಷದಲ್ಲಿ ತಪ್ಪು ಸಿಕ್ಕಿತು, ತಿದ್ದಿ ಸಂದೇಶ ಕಳಿಸಿದೆ. ಹನಿ ಬೀಳುವ ಮೊದಲೇ ಘೋಣಸಗಿಯ ರ‍್ಯಾಕುಗಳ ಮೇಲೆ ತಾಡಪತ್ರಿ ಬಿದ್ದಿತ್ತು.

ಅಕ್ಕಾರನ್ನು ಕಡೆಯ ಸಲ ಕಂಡದ್ದು ದೀಪಾವಳಿಯ ಹೊತ್ತಿಗೆ, ಅವರ ಮನೆಯಲ್ಲಿ. ಮರುದಿನ ಸೊಲ್ಲಾಪುರಕ್ಕೆ, ಮಗಳ ಮನೆಗೆ ಹೊರಡುವವರಿದ್ದರು. ಪರದೆಯ ಅಕ್ಷರ ಆಗಲೇ ಅವರಿಗೆ ಕಾಣುತ್ತಿರಲಿಲ್ಲ. ಮೋಡ ಕಟ್ಟಿದ ದಿನದ ಸಂಗತಿ ಹೇಳಿದೆ. "ಆವತ್ತ ತಿದ್ದಿದ್ದು ಓದಿ ಹೇಳು" ಎಂದರು. ಲ್ಯಾಪ್‌ಟಾಪ್ ತೆರೆದು ಓದಿದೆ. ತಲೆದೂಗುತ್ತ ಕೇಳಿ, "ಇದರಾಗ ನಂದು ಯಾವುದು, ನಿಂದು ಯಾವುದು?" ಎಂದರು.

ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ. ನಾನು ತಿದ್ದಿದ ಜಾಗ ನನಗೇ ಸಿಗಲಿಲ್ಲ.

"ಗೊತ್ತಾಗವಲ್ದು ಅಕ್ಕಾರ" ಎಂದೆ.

ಅವರ ಮುಖ ಅರಳಿತು. "ಹಂಗಾದ್ರ ನಾ ಆರಾಮ ಹೋಗ್ತೇನಿ" ಎಂದು ಚಹಾ ತರಲು ಗೋಡೆ ಹಿಡಿದುಕೊಂಡು ಒಳಗೆ ಹೋದರು. ನಾನು ಅಲ್ಲೇ ಕೂತು, ಇದು ಅವರದೇ ಎಂದು ಬೆರಳಿಟ್ಟು ತೋರಿಸಲು ಒಂದು ಸಾಲಾದರೂ ಉಳಿದಿದೆಯೇ ಎಂದು ಹುಡುಕುತ್ತಿದ್ದೆ.