ಮೂರನೇ ಚರಣದ ನಂತರ ಸುಮ್ಮನಿರುವುದು

ಡಿಸೆಂಬರ್ ಮೂರನೇ ವಾರ ಮೈಸೂರಿನಿಂದ ಬೈರಕುಪ್ಪೆಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹೆಂಗಸಾದ್ದರಿಂದ ಟಿಕೆಟ್ಟೂ ಪುಕ್ಕಟೆ. ಮುಖ ಮಾತ್ರ ಗಡಿಗೆಯಷ್ಟು ಊದಿಕೊಂಡಿತ್ತು. ಧ್ವನಿಮುದ್ರಣಗಳನ್ನು ತಿದ್ದಿ ಚೊಕ್ಕ ಮಾಡುವುದು ನನ್ನ ಕಸುಬು. ಹದಿನೈದು ವರ್ಷಗಳಲ್ಲಿ ಮೊದಲ ಸಲ ಯಾರೋ ನನ್ನ ಕೆಲಸ ತಪ್ಪೆಂದು ವಾಪಸ್ ಕಳಿಸಿದ್ದರು.

ಕಳಿಸಿದವರು ವಯನಾಡಿನ ಮುಳ್ಳನ್‌ಕೊಲ್ಲಿಯ ಪೌಲೋಸ್. ಮೆಣಸು, ಕಾಫಿ ಬೆಳೆಯುವವರು. ಕ್ರಿಸ್‌ಮಸ್ ಹೊತ್ತಿಗೆ ಮನೆಮನೆಗೆ ಕ್ಯಾರಲ್ ಹಾಡಿಕೊಂಡು ಹೋಗುವ ತಂಡದ ಮುಂದಾಳು. ಹಾಡುವವರು ಕಡಿಮೆಯಾದರೆಂದು ಈ ವರ್ಷ ಜೀಪಿಗೆ ಸ್ಪೀಕರ್ ಕಟ್ಟಿ, ತಮ್ಮ ಹಳೆಯ ಹಾಡಿನ ರೆಕಾರ್ಡಿಂಗ್ ಹಾಕಿಕೊಂಡು ಹೋಗಲು ಸಿದ್ಧವಾಗಿದ್ದರು. ಅವರು ಕಳಿಸಿದ ಹಾಡಿನಲ್ಲಿ ಮೂರನೇ ಚರಣವಾದ ಮೇಲೆ ಹನ್ನೆರಡು ಸೆಕೆಂಡು ಏನೂ ಇರಲಿಲ್ಲ. ಪಾಪ, ಪದ ಮರೆತಿರಬೇಕು ಎಂದುಕೊಂಡು ಅದನ್ನು ಕತ್ತರಿಸಿ, ಕೊಳಲು ಸೇರಿಸಿ ಕಳಿಸಿದ್ದೆ. ಮರುದಿನವೇ ಫೋನ್ ಬಂತು.

“ಮೇಡಂ, ನಮ್ಮ ಸುಮ್ಮನಿರೋದು ಎಲ್ಲಿ ಹೋಯ್ತು?”

ಖಾಲಿ ಜಾಗ ಮತ್ತೆ ಹಾಕಿಕೊಡುತ್ತೇನೆ ಎಂದೆ.

“ಖಾಲಿ ಬೇಡವಂತೆ. ಸುಮ್ಮನಿರೋದೇ ಬೇಕಂತೆ. ಅದಿಲ್ಲದಿದ್ರೆ ಗದ್ದೆ ಆಚೆ ಜಯಮ್ಮನ ಮನೆಗೆ ಈ ಸಲ ಕ್ಯಾರಲ್ ಹೋಗೋದೇ ಬೇಡ ಅಂದುಬಿಟ್ರು ಅಮ್ಮಚ್ಚಿ.” ಅಮ್ಮಚ್ಚಿ ಎಂದರೆ ಅವರ ತಾಯಿ ಏಲಿಯಮ್ಮ. ಖಾಲಿಗೂ ಸುಮ್ಮನಿರುವುದಕ್ಕೂ ಏನು ವ್ಯತ್ಯಾಸವೆಂದು ತಿಳಿಯದೆ, ಮೈಕು ಹೆಡ್‌ಫೋನು ಕಟ್ಟಿಕೊಂಡು ನಾನೇ ಹೊರಟಿದ್ದೆ.

ಬೈರಕುಪ್ಪೆಯಲ್ಲಿ ಇಳಿದು ದೋಣಿಯಲ್ಲಿ ಕಬಿನಿ ದಾಟಿದೆ. ದೋಣಿಗೆ ಇಪ್ಪತ್ತು ರೂಪಾಯಿ, ನಾಲ್ಕೇ ನಿಮಿಷದಲ್ಲಿ ಕೇರಳ. ಆಚೆ ದಡದಲ್ಲಿ ಪೌಲೋಸ್ ಜೀಪು ನಿಲ್ಲಿಸಿಕೊಂಡು ಕಾದಿದ್ದರು. ಎಚ್.ಡಿ. ಕೋಟೆ ಕಡೆ ಹತ್ತು ವರ್ಷ ಶುಂಠಿ ಬೆಳೆದು ಕಲಿತ ಕನ್ನಡ ಅವರದು. ಮನೆಯಲ್ಲಿ ಬೇಯಿಸಿದ ಮರಗೆಣಸು, ಖಾರದ ಮೀನು ಸಾರು, ಹಾಲಿಲ್ಲದ ಕಾಫಿ. ಎಂಬತ್ತು ದಾಟಿದ ಅಮ್ಮಚ್ಚಿ ಎದುರಿಗೆ ಕುಳಿತು ನಾನು ಉಣ್ಣುವುದನ್ನೇ ನೋಡುತ್ತಿದ್ದರು.

“ಮೋಳೆ, ನಿನ್ನ ಪಾಟ್ಟು ಚಂದ ಉಂಟು,” ಎಂದರು, ಮಗಳೇ ಎಂದು ಕರೆದು ನನ್ನ ಹಾಡನ್ನು ಮೆಚ್ಚಿ. “ಆದರೆ ಅದರಲ್ಲಿ ಆನೆ ಕೇಳೋದಿಲ್ಲ.”

“ಆನೆಯ ಸದ್ದು ಸೇರಿಸಬೇಕಾ?” ಎಂದು ಕೇಳಿದೆ. ಪೌಲೋಸ್ ನಗು ತಡೆಯಲಾರದೆ ಕೆಮ್ಮಿದರು.

“ಗದ್ದೆಗೆ ಇಳಿಯೋ ಮುಂಚೆ ಹಾಡು ನಿಲ್ಲಿಸಿ ಕಿವಿ ಕೊಡಬೇಕು ಮೇಡಂ. ಆನೆ ಇಲ್ಲ ಅಂತ ಗೊತ್ತಾದರೆ ಅಮ್ಮಚ್ಚಿ ನಾಲ್ಕನೇದು ಎತ್ತುತ್ತಾರೆ, ನಾವು ದಾಟ್ತೀವಿ. ಇವರಪ್ಪನ ಕಾಲದಿಂದಲೂ ಹಾಗೇ.”

ಸಂಜೆ ಆರಕ್ಕೆ ಒಂದು ಡೋಲು, ಏಳು ಜನ, ನಾನು, ಕೋಲೂರಿಕೊಂಡು ಅಮ್ಮಚ್ಚಿ, ಹಳೆಯ ಪದ್ಧತಿಯಂತೆ ಜೀಪಿಲ್ಲದೆ ನಡೆದು ಹೊರಟೆವು. ಚಳಿ ಆಗಲೇ ಕಿವಿ ಹಿಡಿದಿತ್ತು. ಕೊಯ್ಲಾಗದ ಗದ್ದೆಯ ಆಚೆ, ಕಾಡಿಗೆ ಬೆನ್ನು ಹಾಕಿಕೊಂಡು ಒಂದು ಹೆಂಚಿನ ಮನೆ. ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆಸಿದ ಕುಟುಂಬದ ಜಯಮ್ಮ ಅಲ್ಲಿದ್ದರು. ನಮ್ಮವರು ಗದ್ದೆಯ ಈಚೆ ಅಂಚಿನಲ್ಲಿ ನಿಂತು ಹಾಡಿದರು. ಮೂರನೇ ಚರಣ ಮುಗಿಯಿತು, ಡೋಲು ನಿಂತಿತು.

ಹೆಡ್‌ಫೋನಿನಲ್ಲಿ ಮೊದಲು ಜೀರುಂಡೆ, ಆಮೇಲೆ ತೋಡಿನ ನೀರು. ಇದ್ದಕ್ಕಿದ್ದಂತೆ ಅಮ್ಮಚ್ಚಿ ಕೈ ಎತ್ತಿದರು. ನನಗೆ ಕೇಳಿಸಿದ್ದು ಅದಾದ ಮೇಲೆ: ಪೈರನ್ನು ಬುಡಸಮೇತ ಕಿತ್ತ ಸದ್ದು, ಅದನ್ನು ಕಾಲಿಗೆ ಬಡಿದು ಮಣ್ಣು ಕೊಡವಿದ ಸದ್ದು, ಒಂದು ದೊಡ್ಡ ಉಸಿರು. ನನ್ನ ಮೈಕಿಗಿಂತ ಆ ಮುದುಕಿಯ ಕಿವಿ ಮುಂದಿತ್ತು. ಯಾರೂ ನಾಲ್ಕನೆಯದನ್ನು ಎತ್ತಲಿಲ್ಲ. ಒಂದು ನಿಮಿಷವೇ ಕಳೆದಿರಬೇಕು.

ಆಗ ಆಚೆ ಮನೆಯ ಚಿಲಕ ಬಿದ್ದ ಸದ್ದು. ಅದರ ಹಿಂದೆಯೇ ಮುಚ್ಚಿದ ಬಾಗಿಲೊಳಗಿನಿಂದ ಒಂಟಿ ಹೆಣ್ಣುದನಿ, ಕನ್ನಡದ ಎಳೆತದ ಮಲಯಾಳದಲ್ಲಿ, ನಾಲ್ಕನೇ ಚರಣ ಹಾಡಿತು. ಕೂಸನ್ನು ಕಂಡ ಕುರುಬರು ಮನೆಗೆ ಮರಳಿದರು ಎಂಬ ಚರಣ.

“ನಾವು ಎತ್ತಲಿಲ್ಲ ಅಂದ್ರೆ ಮಧ್ಯೆ ಆನೆ ಉಂಟು ಅಂತ ಜಯಮ್ಮಂಗೆ ಗೊತ್ತು,” ಪೌಲೋಸ್ ಪಿಸುಗುಟ್ಟಿದರು. “ತಿಳೀತು, ನೀವು ಹೋಗಿ ಅಂತ ಹೇಳ್ತಿದಾರೆ. ನಾವೇ ಎತ್ತಿದ್ದರೆ ದೀಪ ಹಿಡಿದು ಹೊರಗೆ ಬರೋರು.”

ನಾನು ಕೊಳಲು ಸೇರಿಸಿದ ಹಾಡು ಒಂದು ಕ್ಷಣವೂ ನಿಲ್ಲದೆ ನಾಲ್ಕನೆಯದಕ್ಕೆ ಹಾರುತ್ತಿತ್ತು. ಅದನ್ನೇ ಇಲ್ಲಿ ಹಾಕಿದ್ದರೆ ಜಯಮ್ಮ ಬಾಗಿಲು ತೆರೆಯುತ್ತಿದ್ದರು. ಹನ್ನೆರಡು ಸೆಕೆಂಡಿನ ಖಾಲಿ ಹಾಕಿಕೊಟ್ಟಿದ್ದರೂ ಅಷ್ಟೇ, ಹದಿಮೂರನೆಯ ಸೆಕೆಂಡಿಗೆ ತೆರೆಯುತ್ತಿದ್ದರು. ನಾವು ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಿರುಗಿದೆವು.

ಬೆಳಿಗ್ಗೆ ಪೌಲೋಸರ ಜಗಲಿಯಲ್ಲಿ ಕುಳಿತು ಕೊಳಲನ್ನೂ ನಾಲ್ಕನೇ ಚರಣವನ್ನೂ ಪೂರ್ತಿ ಅಳಿಸಿದೆ; ಅದನ್ನು ಕಿವಿಗೊಟ್ಟವರೇ ಎತ್ತಲಿ. ಅಮ್ಮಚ್ಚಿ ಕೇಳಿ, ಒಪ್ಪಿ ತಲೆಯಾಡಿಸಿದರು. ಹತ್ತರ ದೋಣಿಗೆ ಮರಳಿದೆ.

ಕ್ರಿಸ್‌ಮಸ್‌ನ ಮುನ್ನಾದಿನ ಸಂಜೆ, ಮೈಸೂರಿನ ನನ್ನ ಅಡುಗೆಮನೆಯಲ್ಲಿದ್ದಾಗ ಪೌಲೋಸರ ಕರೆ. ಮಾತಿಲ್ಲ, ಜೀಪಿನ ಸ್ಪೀಕರಿನಲ್ಲಿ ಮೂರನೇ ಚರಣ ಮುಗಿಯುತ್ತಿತ್ತು. ಹಾಡು ನಿಂತಿತು. ಒಲೆ ಆರಿಸಿ ಫೋನನ್ನು ಕಿವಿಗೊತ್ತಿಕೊಂಡೆ. ಗದ್ದೆಯ ಯಾವ ಕಡೆಯಿಂದ ದನಿ ಬರುತ್ತದೋ ಎಂದು ಕಾದೆ. ಬಹಳ ಹೊತ್ತಿನ ಮೇಲೆ, ಫೋನಿನ ತೀರಾ ಹತ್ತಿರದಲ್ಲೇ, ಅಮ್ಮಚ್ಚಿ ನಾಲ್ಕನೆಯದನ್ನು ಎತ್ತಿದರು.