ಮೊದಲ ರಿಂಗಿಗೇ ಸಿಕ್ಕ ಸಹಾಯ

"ಆರು ಅಂಕಿಯ ಒಟಿಪಿ ಬಂದಿದೆಯಲ್ಲಾ ಮೇಡಂ, ಓದಿ ಹೇಳಿ," ಎಂದಿತು ಫೋನಿನೊಳಗಿನ ಸವಿದನಿ. ನನ್ನ ಇಮೇಲ್ ಲಾಕ್ ಆಗಿತ್ತು. ಮಗಳ ನಾಳಿನ ಪರೀಕ್ಷೆಯ ಹಾಲ್ ಟಿಕೆಟ್ ಅದರೊಳಗಿತ್ತು. ನೆಟ್‌ನಲ್ಲಿ ಸಿಕ್ಕ ಸಹಾಯವಾಣಿಗೆ ಕರೆ ಮಾಡಿದರೆ ಮೊದಲ ರಿಂಗಿಗೇ ಎತ್ತಿದ್ದರು! ಆ ಖುಷಿಯಲ್ಲಿ ನಾಲ್ಕು ಅಂಕಿ ಓದಿಯೇಬಿಟ್ಟೆ.

ಪಕ್ಕದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಅತ್ತೆ ಖಾರದ ಕೈಯಲ್ಲೇ ಫೋನ್ ಕಸಿದುಕೊಂಡು ಕಟ್ ಮಾಡಿದರು. "ರೊಕ್ಕಾ ಇಸ್ಕೊಂಡೋರು ಸೈತ ಫೋನ್ ಎತ್ತಂಗಿಲ್ಲ. ಇಮೇಲ್ ಪುಕ್ಕಟೆ ಕೊಟ್ಟಾಂವ ಇಷ್ಟು ಲಗೂ ಎತ್ತತಾನೇನವಾ?"

ಉಳಿದೆರಡು ಅಂಕಿ ಇನ್ನೂ ನಾಲಿಗೆಯ ತುದಿಯಲ್ಲಿದ್ದವು.

ಹಾಲ್ ಟಿಕೆಟ್ ಕಾಲೇಜಿನಲ್ಲೇ ಸಿಕ್ಕಿತು. ಭಯ ಮಾತ್ರ ಹೋಗಿಲ್ಲ. ಮೊನ್ನೆ ಮೇಡ್ಲೇರಿಯ ತವರಿಗೆ ಫೋನ್ ಮಾಡಿದಾಗ ಅವ್ವ ಮೊದಲ ರಿಂಗಿಗೇ ಎತ್ತಿದಳು. ತಕ್ಷಣ ನಾನೇ ಕಟ್ ಮಾಡಿಬಿಟ್ಟೆ.